ಹೊಟ್ಟೆ ಬಿಟ್ಟ ಗೋಡೆ: ಹನುಮಂತನಗರದ ಒಂದು ಕಲ್ಲಿನ ತಡೆಗೋಡೆಯ ಪ್ರಕರಣ ಅಧ್ಯಯನ

ದಕ್ಷಿಣ ಬೆಂಗಳೂರಿನ ಹನುಮಂತನಗರ, ಗವಿಪುರಗಳ ಬೀದಿಗಳಲ್ಲಿ ನಡೆದವರಿಗೆ ಅಲ್ಲಿನ ನೆಲ ಸಮತಟ್ಟಾಗಿಲ್ಲ ಎಂಬುದು ಕಾಲಿಗೇ ಗೊತ್ತಾಗುತ್ತದೆ. ಮೇಲಿನ ಬೀದಿಯ ಮನೆಯ ಹಿತ್ತಲು ಕೆಳಗಿನ ಬೀದಿಯ ಮನೆಯ ಕಿಟಕಿಯ ಮಟ್ಟದಲ್ಲಿರುತ್ತದೆ. ಈ ಎರಡು ಮಟ್ಟಗಳ ನಡುವಿನ ಮಣ್ಣನ್ನು ಹಿಡಿದು ನಿಲ್ಲಿಸಿರುವುದು ಹೆಚ್ಚಿನ ಕಡೆ ಕಲ್ಲಿನ ತಡೆಗೋಡೆ. ಇಲ್ಲಿ ವಿವರಿಸುತ್ತಿರುವುದು ಅಂಥದೊಂದು ಗೋಡೆಯ ಪ್ರಕರಣ. ಸುಮಾರು ಅರವತ್ತು ವರ್ಷ ನಿಂತಿದ್ದ ಗೋಡೆಯು ಸುಂದರಗೊಳಿಸಿದ ಆರನೆಯ ವರ್ಷದಲ್ಲಿ, ಅಕ್ಟೋಬರ್ ತಿಂಗಳ ಒಂದು ರಾತ್ರಿಯ ಮಳೆಗೆ ಭಾಗಶಃ ಕಳಚಿ ಬಿದ್ದಿತು. ಕಟ್ಟಡ ಎಂಜಿನಿಯರನಾಗಿ ನನ್ನನ್ನು ಕರೆಸಿದ್ದು ಮರುದಿನ ಬೆಳಿಗ್ಗೆ.

ಗೋಡೆಯ ಉದ್ದ 11 ಮೀಟರ್, ಕೆಳಗಿನ ನೆಲದಿಂದ ಎತ್ತರ 2.1 ಮೀಟರ್, ಅಂದರೆ ಏಳು ಅಡಿ. ಬುಡದಲ್ಲಿ ದಪ್ಪ 90 ಸೆಂಟಿಮೀಟರ್, ತಲೆಯಲ್ಲಿ 45. ಮಣ್ಣಿನ ಕಡೆಯ ಮುಖ ನೆಟ್ಟಗಿದ್ದು ಹೊರಮುಖ ಒಳಕ್ಕೆ ಓರೆಯಾಗಿ ಏರುತ್ತಿತ್ತು. ಕಟ್ಟಿದ ಕಾಲದ ಮೇಸ್ತ್ರಿಗೆ ಅಳತೆಯ ಅರಿವು ಚೆನ್ನಾಗಿತ್ತೆಂದು ಇದರಿಂದಲೇ ಹೇಳಬಹುದು. ಬಿದ್ದಿದ್ದು ಎರಡು ಮೀಟರ್ ಉದ್ದದ ಹೊರಪದರ ಮಾತ್ರ. ಅದರ ಎರಡೂ ಪಕ್ಕದಲ್ಲಿ ಸೇರಿ ಇನ್ನೂ ನಾಲ್ಕು ಮೀಟರ್ ಗೋಡೆ ಹೊರಕ್ಕೆ ಉಬ್ಬಿ ನಿಂತಿತ್ತು. ಬುಡದಿಂದ ತಲೆಯವರೆಗೆ ಓರೆಯ ಗುಂಟ ನೂಲು ಹಿಡಿದು ನೋಡಿದಾಗ ನಡುಭಾಗದ ಉಬ್ಬು 11 ಸೆಂಟಿಮೀಟರ್. ನಮ್ಮ ಗಾರೆ ಕೆಲಸದವರು ಇದನ್ನು ಗೋಡೆ ಹೊಟ್ಟೆ ಬಿಟ್ಟಿದೆ ಎನ್ನುತ್ತಾರೆ. ಉಳಿದ ಐದು ಮೀಟರ್ ಭಾಗ ಮಾತ್ರ ಕಟ್ಟಿದ ದಿನದಂತೆಯೇ ಇತ್ತು.

ಕೆಳಮನೆಯ ಓಣಿಯಲ್ಲಿ ಬಿದ್ದ ಕಲ್ಲುಗಳಲ್ಲಿ ಕೆಲವು ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರದವು. ಹಗಲಿನಲ್ಲಿ ಆ ಓಣಿಯಲ್ಲಿ ಮಕ್ಕಳು ಆಡುತ್ತಾರೆ. ಆದ್ದರಿಂದ ಕಾರಣ ಹುಡುಕುವ ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇತ್ತು. ಓಣಿಯನ್ನು ಎರಡೂ ತುದಿಯಲ್ಲಿ ಮುಚ್ಚಿಸಿದೆವು. ಉಬ್ಬಿದ ಭಾಗದ ಮೇಲಿನ ಹಿತ್ತಲಿನಿಂದ, ಗೋಡೆಗೆ ತಾಗಿದ ಮಣ್ಣನ್ನು ಮೇಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ತೆಗೆಸಿ, ಒಂದೂವರೆ ಮೀಟರ್ ಅಗಲಕ್ಕೆ ಇಳಿಜಾರು ಮಾಡಿಸಿ, ಟಾರ್ಪಾಲು ಹೊದಿಸಿದೆವು. ಉಬ್ಬಿದ ಗೋಡೆಗೆ ಕೆಳಗಿನಿಂದ ಮರದ ಆಸರೆ ಕೊಡಲು ಒಬ್ಬ ಕೆಲಸಗಾರ ಮುಂದಾದಾಗ ನಾನು ತಡೆದೆ. ಗೋಡೆಯ ಬೆನ್ನ ಮೇಲಿನ ಭಾರವನ್ನು ಇಳಿಸದೆ ಅದರ ಕೆಳಗೆ ಮನುಷ್ಯನನ್ನು ನಿಲ್ಲಿಸುವುದು ತಪ್ಪು; ಮೊದಲು ಮಣ್ಣು, ಆಮೇಲೆ ಆಸರೆ.

ಗೋಡೆ ಬಿದ್ದ ರೀತಿಯೇ ಅದರ ಒಳಗನ್ನು ತೆರೆದು ತೋರಿಸಿತ್ತು. ಹೊರಪದರ ಕಳಚಿ ಬಿದ್ದಿದ್ದರೂ ಒಳಪದರ ಮಣ್ಣಿಗೆ ಅಂಟಿಕೊಂಡು ನಿಂತೇ ಇತ್ತು. ನಡುವೆ ಇದ್ದದ್ದು ಕಲ್ಲಿನ ಚಕ್ಕೆ, ಇಟ್ಟಿಗೆಯ ಚೂರು, ಪುಡಿಯಾದ ಸುಣ್ಣದ ಗಾರೆ ಮತ್ತು ಅವುಗಳನ್ನೆಲ್ಲ ನೆನೆಸಿ ಅಂಬಲಿಯಂತೆ ಮಾಡಿದ್ದ ಕೆಸರು. ಎರಡು ಪದರಗಳನ್ನು ಒಂದಕ್ಕೊಂದು ಹಿಡಿದಿಡಬೇಕಾದ, ಗೋಡೆಯ ದಪ್ಪವನ್ನು ಹಾಯ್ದು ಹೋಗುವ ಉದ್ದಗಲ್ಲು ಆ ಎರಡು ಮೀಟರಿನಲ್ಲಿ ಒಂದೂ ಕಾಣಲಿಲ್ಲ. ಹೊರಗಿನಿಂದ ನೋಡುವವರಿಗೆ 90 ಸೆಂಟಿಮೀಟರ್ ದಪ್ಪದ ಒಂದು ಗೋಡೆ. ವಾಸ್ತವದಲ್ಲಿ ಅವು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ತೆಳುಗೋಡೆಗಳು, ನಡುವೆ ತುಂಬಿದ ಪುಡಿ. ನಡುವಿನ ಪುಡಿ ನೆನೆದು ಕೆಳಗೆ ಕುಸಿಯುತ್ತ ಹೋದಂತೆ ಅದು ಬೆಣೆಯ ಹಾಗೆ ಹೊರಪದರವನ್ನು ಹೊರಕ್ಕೆ ತಳ್ಳುತ್ತದೆ. ಹೊಟ್ಟೆ ಬಿಡುವುದೆಂದರೆ ಇದೇ.

ಮೊದಲ ದಿನ ಇಷ್ಟಕ್ಕೇ ತೀರ್ಮಾನ ಬರೆದುಕೊಂಡು ಮನೆಗೆ ಹೋಗಿದ್ದರೆ ನಾನು ಅರ್ಧ ಸತ್ಯವನ್ನೇ ಪೂರ್ತಿ ಎಂದು ನಂಬಿರುತ್ತಿದ್ದೆ. ನೆಟ್ಟಗೆ ನಿಂತಿದ್ದ ಐದು ಮೀಟರ್ ಭಾಗದಲ್ಲಿ ಮರುದಿನ ನಾಲ್ಕು ಕಡೆ ಒಂದೊಂದು ಕಲ್ಲನ್ನು ಜೋಪಾನವಾಗಿ ಬಿಡಿಸಿ ಒಳಗೆ ಸರಳು ಹಾಕಿ ನೋಡಿದೆವು. ಅಲ್ಲಿಯೂ ಒಳಗಿನ ಕಟ್ಟಡ ಇದೇ ಬಗೆಯದು. ಉದ್ದಗಲ್ಲು ಸಿಕ್ಕಿದ್ದು ಒಂದು ಕಡೆ ಮಾತ್ರ. ಅದೇ ಕಲ್ಲು, ಅದೇ ಗಾರೆ, ಅದೇ ವಯಸ್ಸು, ಅದೇ ದೋಷ. ಆದರೂ ಒಂದು ಭಾಗ ನಿಂತಿತ್ತು, ಇನ್ನೊಂದು ಬಿದ್ದಿತ್ತು. ಹಾಗಾದರೆ ವ್ಯತ್ಯಾಸ ಎಲ್ಲಿದೆ ಎಂಬುದೇ ಈ ಪ್ರಕರಣದ ನಿಜವಾದ ಪ್ರಶ್ನೆಯಾಯಿತು.

ಕಣ್ಣಿಗೆ ಕಾಣುವ ವ್ಯತ್ಯಾಸ ಒಂದೇ. ಬಿದ್ದ ಭಾಗಕ್ಕೂ ಉಬ್ಬಿದ ಭಾಗಕ್ಕೂ ಆರು ವರ್ಷದ ಹಿಂದೆ ಹೊರಗಿನಿಂದ ಕೋಳಿ ಜಾಲರಿ ಹೊಡೆದು ಸಿಮೆಂಟ್ ಪ್ಲಾಸ್ಟರ್ ಮಾಡಿ ಬಣ್ಣ ಬಳಿಯಲಾಗಿತ್ತು. ಉಳಿದ ಐದು ಮೀಟರಿಗೆ ಕೆಳಮನೆಯವರ ಮಲ್ಲಿಗೆ ಬಳ್ಳಿ ಹಬ್ಬಿತ್ತು. ಬಳ್ಳಿಯನ್ನು ಕೀಳಲು ಆ ಮನೆಯ ಅಜ್ಜಿ ಒಪ್ಪದ ಕಾರಣ ಅಷ್ಟು ಭಾಗ ಪ್ಲಾಸ್ಟರ್ ಕಾಣದೆ ಉಳಿದಿತ್ತು. ಮೇಲ್ಮನೆಯ ಯಜಮಾನಿಯವರು ನನ್ನೊಡನೆ ಬಹಳ ನೊಂದು ಮಾತನಾಡಿದರು: "ನೋಡಿ, ಕಲ್ಲಿನ ಸಂದಿನಿಂದ ವರ್ಷವೆಲ್ಲ ನೀರು ಒಸರ್ತಿತ್ತು. ಕೆಳಗಡೆ ಮನೆಯವರಿಗೆ ತೊಂದರೆ ಆಗಬಾರದು, ಗೋಡೆನೂ ಗಟ್ಟಿ ಆಗಲಿ ಅಂತಲೇ ದುಡ್ಡು ಖರ್ಚು ಮಾಡಿ ಪ್ಲಾಸ್ಟರ್ ಮಾಡಿಸಿದ್ದು." ಅವರ ಉದ್ದೇಶದಲ್ಲಿ ತಪ್ಪಿರಲಿಲ್ಲ. ಆದರೆ ಒಸರುತ್ತಿದ್ದ ನೀರು ಗೋಡೆಯ ರೋಗವಾಗಿರಲಿಲ್ಲ. ಗೋಡೆ ಬದುಕಿದ್ದೇ ಆ ನೀರು ಹೊರಗೆ ಹೋಗುತ್ತಿದ್ದುದರಿಂದ.

ವರ್ಷವೆಲ್ಲ ಒಸರುತ್ತಿತ್ತೆಂಬ ಅವರ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಜನವರಿಯಿಂದ ಮಾರ್ಚಿನವರೆಗೆ ನೆಲ ಬಹುತೇಕ ಒಣಗಿರುತ್ತದೆ. ಬೇಸಿಗೆಯಲ್ಲೂ ಒಸರುವ ನೀರು ಮಳೆಯದಾಗಿರಲು ಸಾಧ್ಯವಿಲ್ಲ. ಹಿತ್ತಲಿನಲ್ಲಿ ಗೋಡೆಯಿಂದ ಎರಡು ಮೀಟರ್ ಒಳಗೆ ಬಟ್ಟೆ ಒಗೆಯುವ ಕಲ್ಲು ಇತ್ತು. ಅದರ ನೀರು ಹಳೆಯ ಮಣ್ಣಿನ ಪೈಪಿನಲ್ಲಿ ಗೋಡೆಯ ಉದ್ದಕ್ಕೂ ಹರಿದು ಚರಂಡಿ ಸೇರುತ್ತಿತ್ತು. ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಬಕೆಟ್ ನೀರಿಗೆ ಗಾಢವಾಗಿ ಕಲಸಿ ಆ ಕಲ್ಲಿನ ಮೇಲೆ ಸುರಿಸಿದೆವು. ಒಂದು ಗಂಟೆಯೊಳಗೆ ಬಿದ್ದ ಜಾಗದ ಒಳಪದರದ ಸಂದಿನಲ್ಲಿ ನೀಲಿ ಬಣ್ಣ ಇಳಿಯಿತು. ಅಗೆದು ನೋಡಿದರೆ ಪೈಪಿನ ಮೂರು ಜೋಡಣೆಗಳು ಬಿಟ್ಟುಕೊಂಡಿದ್ದವು. ಹೀಗೆ ಗೋಡೆಯ ಬೆನ್ನಿಗೆ ದಿನವೂ ನೀರು ಕುಡಿಸುತ್ತ, ಎದುರಿನಿಂದ ಅದರ ಬಾಯಿ ಮುಚ್ಚಿದಂತಾಗಿತ್ತು.

ನೀರಿನ ಬಲವೆಷ್ಟೆಂಬುದನ್ನು ಈ ಗೋಡೆಯ ಅಳತೆಯಲ್ಲಿಯೇ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಮಣ್ಣಿನ ತೂಕ ಘನ ಮೀಟರಿಗೆ 1.8 ಟನ್, ಅದರ ಅಡ್ಡ ಒತ್ತಡ ನೇರ ಭಾರದ ಮೂರನೆಯ ಒಂದು ಪಾಲು ಎಂದು ಹಿಡಿದರೆ, 2.1 ಮೀಟರ್ ಎತ್ತರಕ್ಕೆ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 1.3 ಟನ್ ತಳ್ಳುವ ಬಲ ಬೀಳುತ್ತದೆ. ಅದು ಬುಡದಿಂದ ಎತ್ತರದ ಮೂರನೆಯ ಒಂದರಲ್ಲಿ, ಅಂದರೆ 0.7 ಮೀಟರಿನಲ್ಲಿ ವರ್ತಿಸುವುದರಿಂದ ಗೋಡೆಯನ್ನು ಮಗುಚಲು ಯತ್ನಿಸುವ ಪರಿಣಾಮ, ಅಂದರೆ ಬಲವನ್ನು ಆ ಎತ್ತರದಿಂದ ಗುಣಿಸಿದ್ದು, ಸುಮಾರು 0.93 ಟನ್-ಮೀಟರ್. ಗೋಡೆಯ ತೂಕ ಘನ ಮೀಟರಿಗೆ 2.4 ಟನ್ ಎಂದು ಹಿಡಿದರೆ ಅದರ ಸ್ವಂತ ಭಾರ ಮಗುಚದಂತೆ ಹಿಡಿದಿಡುವ ಪರಿಣಾಮ ಸುಮಾರು 1.87 ಟನ್-ಮೀಟರ್. ಅಂದರೆ ತಳ್ಳುವುದಕ್ಕಿಂತ ತಡೆಯುವುದು ಎರಡು ಪಟ್ಟು. ಇದು ನೆಮ್ಮದಿಯ ಅಂತರ. ಈಗ ಗೋಡೆಯ ಹಿಂದೆ ತಲೆಯವರೆಗೂ ನೀರು ನಿಂತಿದೆ ಎಂದು ಊಹಿಸೋಣ. ನೀರಿನದೇ 2.2 ಟನ್; ನೀರಿನಲ್ಲಿ ಮುಳುಗಿ ಹಗುರಾದ ಮಣ್ಣಿನದು ಇನ್ನೊಂದು 0.66 ಟನ್. ಒಟ್ಟು ತಳ್ಳುವ ಬಲ 2.9 ಟನ್ನಿಗೆ ಹತ್ತಿರ, ಮಗುಚುವ ಪರಿಣಾಮ 2 ಟನ್-ಮೀಟರ್. ತಡೆಯುವ ಶಕ್ತಿ ಮಾತ್ರ ಅಷ್ಟೇ, 1.87. ಎರಡು ಪಟ್ಟಿದ್ದ ಅಂತರ ಕಳೆದು ಸಾಲವಾಗಿ ಬಿಡುತ್ತದೆ.

ಈ ಲೆಕ್ಕದಲ್ಲಿ ಒಂದು ಸಂಗತಿಯನ್ನು ಮನೆ ಕಟ್ಟಿಸುವವರು ಗಮನಿಸಬೇಕು. ನೀರಿನ ಒತ್ತಡ ಅದರ ಆಳವನ್ನು ಅವಲಂಬಿಸುತ್ತದೆಯೇ ಹೊರತು ಅದರ ಪ್ರಮಾಣವನ್ನಲ್ಲ. ಗೋಡೆಯ ಹಿಂದೆ ಒಂದು ಕೆರೆಯಷ್ಟು ನೀರಿರಬೇಕಾಗಿಲ್ಲ. ಗೋಡೆಗೂ ಮಣ್ಣಿಗೂ ನಡುವೆ ಅಂಗೈ ಅಗಲದ ಸಂದಿನಲ್ಲಿ ನಿಂತ ನೀರೂ ಅಷ್ಟೇ ಬಲದಿಂದ ತಳ್ಳುತ್ತದೆ. ಬಿದ್ದ ರಾತ್ರಿ ನೀರು ತಲೆಯವರೆಗೆ ಏರಿತ್ತೆಂದು ನಾನು ವಾದಿಸುವುದಿಲ್ಲ. ಮೇಲಿನ ಲೆಕ್ಕ ಗೋಡೆಯನ್ನು ಒಂದೇ ಗಟ್ಟಿ ತುಂಡೆಂದು ಭಾವಿಸಿದ್ದು. ಪದರ ಬಿಟ್ಟ ಗೋಡೆಗೆ ಅದಕ್ಕಿಂತ ಬಹಳ ಕಡಿಮೆ ನೀರು ಸಾಕು. ಉದ್ದಗಲ್ಲು ಇಲ್ಲದಿರುವುದು ಅರವತ್ತು ವರ್ಷ ಕಾದು ಕುಳಿತ ದೋಷ, ನೀರು ಕಟ್ಟಿಕೊಂಡಿದ್ದು ಆ ದೋಷವನ್ನು ಎಬ್ಬಿಸಿದ ಕಾರಣ. ನನ್ನ ತೀರ್ಮಾನ ಇದು.

ಮುಂದಿನ ಪ್ರಶ್ನೆ ಏನು ಕಟ್ಟುವುದೆಂಬುದು. ಗುತ್ತಿಗೆದಾರರೊಬ್ಬರು ಕಾಂಕ್ರೀಟ್ ಗೋಡೆ ಹಾಕಿ ಕಲ್ಲನ್ನೆಲ್ಲ ಮಾರಿಬಿಡಲು ಸಲಹೆ ಕೊಟ್ಟಿದ್ದರು. ಕಾಂಕ್ರೀಟ್ ಗೋಡೆಯೂ ನೀರಿಗೆ ದಾರಿ ಬಿಡದಿದ್ದರೆ ಇದೇ ಒತ್ತಡವನ್ನು ಹೊರಬೇಕು. ಅದಕ್ಕೆ ಬೇಕಾದ ಅಗಲವಾದ ಪಾದಕ್ಕೆ ಓಣಿಯಲ್ಲಾಗಲಿ ಹಿತ್ತಲಿನಲ್ಲಾಗಲಿ ಸುಲಭವಾಗಿ ಜಾಗವಿರಲಿಲ್ಲ. ಇತ್ತ ಹಳೆಯ ಪಾಯವನ್ನು ಅಗೆದು ನೋಡಿದಾಗ ಅದು ನೆಲದಿಂದ 60 ಸೆಂಟಿಮೀಟರ್ ಕೆಳಗೆ ಗಟ್ಟಿ ಮೊರಂ, ಅಂದರೆ ಗರಸುಮಣ್ಣಿನ ಮೇಲೆ ಕೂತಿತ್ತು, ಒಂದು ಬಿರುಕೂ ಇರಲಿಲ್ಲ. ಪಾಯ ಚೆನ್ನಾಗಿದೆ, ಕಲ್ಲು ಕಣ್ಣೆದುರಿಗೇ ಬಿದ್ದಿದೆ. ಆರು ಮೀಟರನ್ನು ಬಿಚ್ಚಿ ಅದೇ ಕಲ್ಲಿನಲ್ಲಿ ಮತ್ತೆ ಕಟ್ಟುವುದೆಂದು ನಿರ್ಧರಿಸಿದೆವು. ಮಳೆಗಾಲ ಪೂರ್ತಿ ಮುಗಿಯಲೆಂದು ಜನವರಿಯವರೆಗೆ ಕಾದೆವು.

ಕಲ್ಲಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಗೋಡೆ ಬಿದ್ದಾಗ ನೆರೆಯವರಲ್ಲಿ ಹಲವರು "ಹಳೇ ಕಲ್ಲು, ಹಾಳಾಗಿರುತ್ತೆ" ಎಂದಿದ್ದರು. ಬೆಂಗಳೂರಿನ ನೆಲದಡಿಯ ಕಲ್ಲು ಬಹುಮಟ್ಟಿಗೆ ನೈಸ್ ಎಂಬ ಜಾತಿಯದು. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯೂ ಅದೇ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅಂಥ ಕಲ್ಲಿಗೆ ಅರವತ್ತು ವರ್ಷ ಒಂದು ವಯಸ್ಸೇ ಅಲ್ಲ. ಹತ್ತಿರದಿಂದ ನೋಡಿದರೆ ನೈಸಿನಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳು ಕಾಣುತ್ತವೆ: ಬಿಳಿಯದು ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪಿನಲ್ಲಿ ಹೆಚ್ಚಾಗಿ ಕರಿ ಅಭ್ರಕ. ಕಲ್ಲು ಸುಲಭವಾಗಿ ಸೀಳುವುದು ಈ ಪಟ್ಟೆಯ ಗುಂಟ. ಆದುದರಿಂದ ಗೋಡೆಯಲ್ಲಿ ಇಡುವಾಗ ಪಟ್ಟೆಗಳು ಮಲಗಿರಬೇಕು. ಪಟ್ಟೆಗಳು ಗೋಡೆಯ ಮುಖಕ್ಕೆ ಸಮನಾಗಿ ನೆಟ್ಟಗೆ ನಿಲ್ಲುವಂತೆ ಇಟ್ಟರೆ ಕಾಲಕ್ರಮದಲ್ಲಿ ಹೊರಮುಖ ಚಕ್ಕೆ ಚಕ್ಕೆಯಾಗಿ ಎದ್ದು ಬರಬಹುದು.

ಹಳೆಯ ಕಲ್ಲುಗಳನ್ನು ಆರಿಸಿದ ಕ್ರಮ ಸರಳವಾಗಿತ್ತು. ಅಂಟಿದ ಗಾರೆಯನ್ನು ಕೆರೆದು, ತೊಳೆದು, ಒಂದೊಂದನ್ನೂ ನೆಲದಿಂದ ಎತ್ತರಿಸಿ ಇಟ್ಟು ಸುತ್ತಿಗೆಯಿಂದ ತಟ್ಟುವುದು. ಗಟ್ಟಿ ಕಲ್ಲು ಖಣ್ಣೆಂದು ಸದ್ದು ಕೊಡುತ್ತದೆ. ಒಳಗೆ ಬಿರುಕಿದ್ದರೆ ಅಥವಾ ಕಲ್ಲು ಕೊಳೆತಿದ್ದರೆ ಸದ್ದು ಮಂದವಾಗುತ್ತದೆ. ಫೆಲ್ಡ್‌ಸ್ಪಾರ್ ನೀರಿಗೆ ಸಿಕ್ಕಿ ಬಹುಕಾಲದಲ್ಲಿ ಜೇಡಿಯಾಗುತ್ತದೆ. ಹಾಗಾದ ಕಲ್ಲಿನ ಬಿಳಿಯ ಭಾಗ ಉಗುರಿಗೆ ಪುಡಿಯಾಗುತ್ತದೆ. ಹಾಗೆ ಆರಿಸಿ ಬಿಟ್ಟದ್ದು ನೂರಕ್ಕೆ ಹತ್ತರಷ್ಟು. ಅವೂ ನೆಲದ ಮೇಲೆ ಬಿದ್ದಿದ್ದ ಗುಂಡುಗಲ್ಲನ್ನು ಕಟ್ಟುವಾಗ ಎತ್ತಿ ಹಾಕಿದವೆಂದು ತೋರಿತು, ಗಣಿಯಿಂದ ಬಂದ ಕಲ್ಲಲ್ಲ.

ಉದ್ದಗಲ್ಲಿನ ವಿಷಯದಲ್ಲಿ ಮೇಸ್ತ್ರಿಯವರಿಗೂ ನನಗೂ ಮೊದಲು ಒಮ್ಮತವಿರಲಿಲ್ಲ. "ಈಗ ಸಿಮೆಂಟ್ ಗಾರೆ ಇದೆಯಲ್ಲ ಸಾರ್, ಅದೇ ಹಿಡ್ಕೊಳ್ಳುತ್ತೆ" ಎಂಬುದು ಅವರ ವಾದ. ಗಾರೆಯ ಕೆಲಸ ಕಲ್ಲುಗಳ ನಡುವಿನ ಭಾರವನ್ನು ಸಮನಾಗಿ ಹಂಚುವುದು, ಸಂದು ತುಂಬುವುದು. ಎಳೆತವನ್ನು ತಡೆಯಲು ಅದನ್ನು ನಂಬಲಾಗದು. ಎರಡು ಪದರ ಬೇರೆಯಾಗದಂತೆ ಹಿಡಿಯುವುದು ಅಡ್ಡಲಾಗಿ ಮಲಗಿದ ಕಲ್ಲು ಮಾತ್ರ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮದಂತೆ ಗೋಡೆಯ ಮುಖದ ಪ್ರತಿ ಅರ್ಧ ಚದರ ಮೀಟರಿಗೆ ಒಂದಾದರೂ ಇಂಥ ಕಲ್ಲು ಬೇಕು. ನಮ್ಮ ಆರು ಮೀಟರ್ ಉದ್ದ, 2.1 ಮೀಟರ್ ಎತ್ತರಕ್ಕೆ ಲೆಕ್ಕ ಹಾಕಿದರೆ ಸುಮಾರು 25 ಕಲ್ಲು. ಬುಡದ ವರಸೆಗಳಲ್ಲಿ, ಅಂದರೆ ಕಲ್ಲಿನ ಸಾಲುಗಳಲ್ಲಿ, ಅವು 90 ಸೆಂಟಿಮೀಟರಿಗೆ ಹತ್ತಿರದ ಉದ್ದವಿರಬೇಕಿತ್ತು, ಮತ್ತು ಹಳೆಯ ರಾಶಿಯಲ್ಲಿ ಅಷ್ಟುದ್ದದ್ದು ಒಂದೂ ಇರಲಿಲ್ಲ.

ಇದಕ್ಕೆ ಪರಿಹಾರ ಹುಡುಕಿದವರು ಅದೇ ಮೇಸ್ತ್ರಿ. ದೇವನಹಳ್ಳಿಯ ಕಡೆ ದ್ರಾಕ್ಷಿ ತೋಟಗಳಲ್ಲಿ ಬಳ್ಳಿಗೆ ಆಸರೆಯಾಗಿ ಕಲ್ಲುಕಂಬ ನೆಡುತ್ತಾರೆ. ತೋಟ ತೆಗೆದ ಕಡೆ ಆ ಕಂಬಗಳು ಮಾರಾಟಕ್ಕೆ ಸಿಗುತ್ತವೆ. ಆರಡಿಯ ಹನ್ನೆರಡು ಹಳೆಯ ಕಂಬಗಳನ್ನು ಅವರು ತರಿಸಿದರು. ಕಂಬದ ಅಡ್ಡಕ್ಕೆ ಗೆರೆ ಎಳೆದು, ಚಾಣದಿಂದ ಸಾಲಾಗಿ ಸಣ್ಣ ಗುಳಿ ಹೊಡೆದು, ಬೆಣೆ ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ಸರದಿಯಲ್ಲಿ ಸುತ್ತಿಗೆಯಿಂದ ಬಡಿಯುತ್ತ ಹೋದಾಗ ಕಲ್ಲು ಗೆರೆಯ ಮೇಲೆಯೇ ಸೀಳುವುದನ್ನು ನೋಡುವುದು, ಇಷ್ಟು ವರ್ಷಗಳ ನಂತರವೂ, ನನಗೆ ಸಂತೋಷ ಕೊಡುವ ಕೆಲಸ. ಕೆಳಗಿನ ವರಸೆಗಳಿಗೆ ಒಂದು ಕಂಬದಿಂದ ಎರಡು, ಮೇಲಿನ ತೆಳು ಭಾಗಕ್ಕೆ ಮೂರು ತುಂಡು ಬಂದವು. ಬೇಕಾದ 25ಕ್ಕಿಂತ ನಾಲ್ಕು ಹೆಚ್ಚೇ ಸಿಕ್ಕಿ, ಆ ನಾಲ್ಕನ್ನು ನಿಂತಿದ್ದ ಹಳೆಯ ಭಾಗದಲ್ಲಿ, ಒಂದೊಂದು ಕಲ್ಲನ್ನು ಬಿಡಿಸಿ ಅದರ ಜಾಗದಲ್ಲಿ ತೂರಿಸಲು ಬಳಸಿದೆವು.

ಗಾರೆಗೆ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು. ಬರೀ ಸಿಮೆಂಟಿನ ಗಾರೆ ಬಿರುಸು. ಸುಣ್ಣ ಸೇರಿಸಿದರೆ ಅದು ಕರಣೆಗೆ ಚೆನ್ನಾಗಿ ಒಲಿಯುತ್ತದೆ, ಸಣ್ಣ ಚಲನೆಗಳಿಗೆ ಬಾಗುತ್ತದೆ. ಸಂದು 20 ಮಿಲಿಮೀಟರಿಗೆ ಮೀರಬಾರದು, ಒಂದು ವರಸೆಯ ನಿಲುವು ಸಂದು ಮೇಲಿನ ವರಸೆಯ ಸಂದಿಗೆ ನೇರವಾಗಿ ಬರಬಾರದು, ದಿನಕ್ಕೆ ಎರಡು ಅಡಿಗಿಂತ ಹೆಚ್ಚು ಎತ್ತಬಾರದು ಎಂದು ಮೊದಲೇ ಮಾತಾಗಿತ್ತು. ನಾನು ಹೆಚ್ಚು ಕಾವಲು ಕಾದದ್ದು ಗೋಡೆಯ ಹೊರಮುಖವನ್ನಲ್ಲ, ಅದರ ನಡುಭಾಗವನ್ನು. ಎರಡು ಮುಖಗಳನ್ನು ಅಂದವಾಗಿ ಎತ್ತಿ ನಡುವೆ ಚಕ್ಕೆ ಸುರಿದು ಮೇಲೆ ತೆಳು ಗಾರೆ ಹೊಯ್ಯುವುದು ಬೇಗ ಸಾಗುವ ಕೆಲಸ. ಹಳೆಯ ಗೋಡೆ ಹಾಳಾದದ್ದೇ ಅದರಿಂದ. ಈ ಬಾರಿ ನಡುವಿನ ಕಲ್ಲನ್ನೂ ಒಂದೊಂದಾಗಿ ಗಾರೆಯಲ್ಲಿ ಕೂರಿಸಿ, ಉಳಿದ ಸಂದಿಗೆ ಮಾತ್ರ ಚಕ್ಕೆಯನ್ನು ಸುತ್ತಿಗೆಯಿಂದ ಬಡಿದು ಸೇರಿಸಿದರು.

ನೀರಿಗೆ ಎರಡು ಸಾಲು ದಾರಿ ಬಿಟ್ಟೆವು. ಕೆಳಗಿನ ನೆಲದಿಂದ 30 ಸೆಂಟಿಮೀಟರ್ ಮೇಲೆ ಐದು, ಅದಕ್ಕೂ ಮೇಲೆ ಎಡೆ ಬಿಟ್ಟು ನಾಲ್ಕು ಪಿವಿಸಿ ಪೈಪು, ಎಲ್ಲವೂ 75 ಮಿಲಿಮೀಟರ್ ಅಗಲದವು, ಹೊರಕ್ಕೆ ವಾಲಿದವು. ಗೋಡೆಯ ಬೆನ್ನಿಗೆ 30 ಸೆಂಟಿಮೀಟರ್ ಅಗಲಕ್ಕೆ ಜಲ್ಲಿ ತುಂಬಿ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ ಹಾಸಿದೆವು. ಇಲ್ಲದಿದ್ದರೆ ನಮ್ಮ ಕೆಂಪುಮಣ್ಣು ಎರಡು ಮಳೆಗಾಲದಲ್ಲಿ ಜಲ್ಲಿಯ ಸಂದುಗಳನ್ನು ತುಂಬಿಬಿಡುತ್ತದೆ. ಒಗೆಯುವ ಕಲ್ಲನ್ನು ಮನೆಯ ಪಕ್ಕಕ್ಕೆ ಸರಿಸಿ ಹೊಸ ಪೈಪು ಹಾಕಲಾಯಿತು. ಹೊರಮುಖಕ್ಕೆ ಪ್ಲಾಸ್ಟರ್ ಇಲ್ಲ. ಸಂದುಗಳಿಗೆ ಮಾತ್ರ ಪಾಯಿಂಟಿಂಗ್, ಅಂದರೆ ಸಂದಿನ ಬಾಯಿಗೆ ಗಾರೆ ತುಂಬಿ ತೀಡುವುದು. ಹಳೆಯ ಭಾಗದಲ್ಲಿಯೂ ಬುಡದಲ್ಲಿ ನಾಲ್ಕು ತೂತು ಕೊರೆಸಿ, ಹೊಸತೂ ಹಳತೂ ಸೇರುವ ಕಡೆ ಗಾಜಿನ ಎರಡು ಪಟ್ಟಿಗಳನ್ನು ಅಂಟಿಸಿ ದಿನಾಂಕ ಬರೆದೆವು. ಗೋಡೆ ಕೂದಲೆಳೆಯಷ್ಟು ಕದಲಿದರೂ ಗಾಜು ಒಡೆಯುತ್ತದೆ. ಅಜ್ಜಿಯ ಮಲ್ಲಿಗೆ ಬಳ್ಳಿಗೆ ಗೋಡೆಯಿಂದ ಗೇಣು ದೂರದಲ್ಲಿ ತಂತಿ ಕಟ್ಟಿಕೊಟ್ಟೆವು.

ಮುಂದಿನ ಅಕ್ಟೋಬರಿನಲ್ಲಿ, ಜೋರು ಮಳೆ ಬಂದ ಮರುಬೆಳಿಗ್ಗೆ ಹೋಗಿ ನೋಡಿದೆ. ಗಾಜಿನ ಪಟ್ಟಿಗಳೆರಡೂ ಒಡೆದಿರಲಿಲ್ಲ. ನೂಲು ಹಿಡಿದು ನೋಡಿದರೆ ಹೊಸ ಮುಖದಲ್ಲಿ ಅಳೆಯುವಂಥ ವ್ಯತ್ಯಾಸವಿರಲಿಲ್ಲ. ಕೆಳಸಾಲಿನ ಐದು ಪೈಪುಗಳಲ್ಲಿ ನಾಲ್ಕರಿಂದ ನೀರು ತೊಟ್ಟಿಕ್ಕುತ್ತಿತ್ತು; ಎಡದಿಂದ ಎರಡನೆಯದು ಮಾತ್ರ ಒಣಗಿತ್ತು. ಅದರ ಹಿಂದೆ ನೀರಿಲ್ಲವೋ, ಅಥವಾ ದಾರಿ ಕಟ್ಟಿದೆಯೋ ಎಂದು ತಿಳಿಯಲು ಕಬ್ಬಿಣದ ಸರಳು ತೂರಿಸಿದೆ. ಒಂದಡಿ ಒಳಗೆ, ಕಟ್ಟುವಾಗ ಬಿದ್ದ ಗಾರೆಯ ಹೆಂಟೆಯೊಂದು ಗಟ್ಟಿಯಾಗಿ ಕೂತಿತ್ತು. ನಾಲ್ಕೈದು ಸಲ ತಿವಿದ ಮೇಲೆ ಅದು ಒಡೆಯಿತು. ಮೊದಲು ಕೆಂಪು ನೀರು ಬಂತು, ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಸರಳನ್ನು ಕೆಳಮನೆಯಲ್ಲಿಯೇ ಬಿಟ್ಟು ಬಂದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಂಬತ್ತು ಪೈಪಿಗೂ ಅದನ್ನು ಒಮ್ಮೆ ಹಾಯಿಸಿ ನೋಡುವುದಾಗಿ ಆ ಮನೆಯವರು ಒಪ್ಪಿಕೊಂಡಿದ್ದಾರೆ.